ಕೊಳಚೆ ತುಂಬಿದ ಕೆರೆಗೆ ನಾಟಿ ಮೀನು ಮರಳಬೇಕಾದರೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಬೆಂಗಳೂರು ಮತ್ತು ಅದರ ಸುತ್ತಲಿನ ಬಯಲುಸೀಮೆಯಲ್ಲಿ ಕೆರೆ ಅಭಿವೃದ್ಧಿ ಎಂದರೆ ಏರಿಯ ಮೇಲೆ ನಡಿಗೆಯ ದಾರಿ, ಸುತ್ತ ತಂತಿಬೇಲಿ, ನಡುವೆ ಹಕ್ಕಿಗಳಿಗೆಂದು ಒಂದು ದ್ವೀಪ, ಕೊನೆಗೆ ಉದ್ಘಾಟನೆಯ ದಿನ ನೀರಿಗೆ ಬಿಡುವ ಮೀನುಮರಿ ಎಂಬ ಕ್ರಮ ರೂಢಿಗೆ ಬಂದಿದೆ. ಹಾಗೆ ಬಿಟ್ಟ ಮರಿಗಳು ಬಹುಪಾಲು ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ. ಆ ಕೆರೆಯಲ್ಲಿ ಹಿಂದೆ ತಾನಾಗಿಯೇ ಇದ್ದ ಕೊರವ, ಪಕ್ಕೆ, ಚೇಳು ಮೀನು, ಬಾಳೆ ಮೀನು, ಮುರುಗೋಡುಗಳ ವಿಚಾರ ಯೋಜನಾ ವರದಿಯ ಯಾವ ಪುಟದಲ್ಲೂ ಇರುವುದಿಲ್ಲ. ನಾಟಿ ಮೀನನ್ನು ಉಳಿಸಬೇಕೆಂಬ ಮನಸ್ಸಿರುವ ಊರಿನವರು, ಕೆರೆ ಸಮಿತಿಗಳು ಮತ್ತು ಗ್ರಾಮ ಪಂಚಾಯಿತಿಗಳಿಗಾಗಿ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಇದರಲ್ಲಿ ನಾನು ಪಟ್ಟು ಹಿಡಿದು ಹೇಳುವುದು ಕೆಲಸದ ಅನುಕ್ರಮವನ್ನು: ಮೊದಲು ಕೊಳಚೆ, ಆಮೇಲೆ ಹೂಳು, ಅದರ ಬಳಿಕ ದಡ, ಎಲ್ಲಕ್ಕಿಂತ ಕೊನೆಗೆ ಮೀನು. ಈ ಅನುಕ್ರಮ ತಪ್ಪಿದ ಕೆರೆಗಳಲ್ಲಿ ಹಣವೂ ಮೀನೂ ಎರಡೂ ಹಾಳಾದದ್ದನ್ನು ನೋಡಿದ್ದೇನೆ.

ಮೊದಲ ಹಂತ: ಒಂದು ಪೂರ್ತಿ ವರ್ಷ ಕೆರೆಯನ್ನು ನೋಡುವುದು

ಕೆರೆ ಒಂಟಿಯಾಗಿರುವುದಿಲ್ಲ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಇಳಿಯುವ ಸರಣಿಯಲ್ಲಿ ಅದು ಒಂದು ಮೆಟ್ಟಿಲು. ಆದ್ದರಿಂದ ಮೊದಲು ಗ್ರಾಮ ನಕ್ಷೆಯನ್ನು ಹಿಡಿದು ಮೇಲಿನ ಕೆರೆ, ರಾಜಕಾಲುವೆ, ಹಳ್ಳ, ಕುಂಟೆ, ಏರಿ, ತೂಬು, ಕೋಡಿ, ಕೆಳಗಿನ ಅಚ್ಚುಕಟ್ಟು ಇವನ್ನೆಲ್ಲ ಕಾಲ್ನಡಿಗೆಯಲ್ಲಿ ನೋಡಿ ಗುರುತಿಸಬೇಕು. ನಿಮ್ಮ ಕೆರೆ ಯಾವ ನದಿಯ ಕಣಿವೆಗೆ ಸೇರಿದೆ ಎಂಬುದನ್ನೂ ಈಗಲೇ ಬರೆದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ, ವೃಷಭಾವತಿ ಕಣಿವೆಯದು ಅರ್ಕಾವತಿಯ ಮೂಲಕ ಕಾವೇರಿಗೆ ಸೇರುತ್ತದೆ. ಮೀನನ್ನು ಮರಳಿ ತರುವ ಹಂತದಲ್ಲಿ ಈ ಒಂದು ಮಾಹಿತಿಯೇ ನಿರ್ಣಾಯಕವಾಗುತ್ತದೆ.

ನೀರಿನ ಪರೀಕ್ಷೆಯನ್ನು ತಿಂಗಳಿಗೊಮ್ಮೆಯಾದರೂ ಮಾಡಿ, ಆದರೆ ಹೊತ್ತನ್ನು ನೋಡಿ ಮಾಡಿ. ಹಸಿರು ಪಾಚಿ ತುಂಬಿದ ಕೆರೆಯಲ್ಲಿ ಪಾಚಿಯು ಹಗಲಿನಲ್ಲಿ ಆಮ್ಲಜನಕವನ್ನು ಹೊರಬಿಡುವುದರಿಂದ ಮಧ್ಯಾಹ್ನದ ಅಳತೆ ಸೊಗಸಾಗಿ ಬರುತ್ತದೆ. ರಾತ್ರಿಯೆಲ್ಲ ಅದೇ ಪಾಚಿ, ಅದರ ಜೊತೆಗೆ ಹೂಳಿನಲ್ಲಿರುವ ಬ್ಯಾಕ್ಟೀರಿಯಾ ಆಮ್ಲಜನಕವನ್ನು ಹೀರುತ್ತ ಹೋಗಿ, ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಅದು ದಿನದ ಅತಿ ಕಡಿಮೆ ಮಟ್ಟಕ್ಕೆ ಇಳಿಯುತ್ತದೆ. ಮೀನು ಸಾಯುವುದು ಆ ಹೊತ್ತಿನಲ್ಲಿ. ಬೆಳಿಗ್ಗೆ ಹನ್ನೊಂದಕ್ಕೆ ಬಂದು ಮಾದರಿ ತೆಗೆದು ಕೆರೆ ಚೆನ್ನಾಗಿದೆ ಎಂದು ಬರೆದುಕೊಟ್ಟ ವರದಿಯಿಂದ ಮೀನಿಗೆ ಏನೂ ಪ್ರಯೋಜನವಿಲ್ಲ. ಐದೂವರೆಯಿಂದ ಆರು ಗಂಟೆಯೊಳಗೆ ಒಂದು ಅಳತೆ, ಮಧ್ಯಾಹ್ನ ಮೂರಕ್ಕೆ ಮತ್ತೊಂದು, ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಅವೆರಡರ ನಡುವಿನ ಅಂತರ ದೊಡ್ಡದಾದಷ್ಟೂ ಕೆರೆಗೆ ಹೆಚ್ಚಿನ ಪೋಷಕಾಂಶ ಬರುತ್ತಿದೆ ಎಂದು ತಿಳಿಯಬಹುದು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ವನ್ಯಜೀವಿಗಳಿಗೂ ಮೀನುಗಾರಿಕೆಗೂ ತಕ್ಕ ನೀರು 'ಡಿ' ವರ್ಗಕ್ಕೆ ಸೇರುತ್ತದೆ. ಅದರಂತೆ ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು, ಪಿಎಚ್ 6.5ರಿಂದ 8.5ರೊಳಗೆ, ಮುಕ್ತ ಅಮೋನಿಯಾ 1.2 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಈ ಅಮೋನಿಯಾ ಮಿತಿಯನ್ನು ನೆಚ್ಚಿಕೊಂಡು ಕೂರಬಾರದು ಎಂಬುದು ನನ್ನ ಅಭಿಪ್ರಾಯ. ಎಳೆಯ ಮರಿಗಳಿಗೆ ಇದಕ್ಕಿಂತ ಬಹಳ ಕಡಿಮೆ ಪ್ರಮಾಣವೂ ಹಾನಿ ಮಾಡುತ್ತದೆ, ಮತ್ತು ಪಿಎಚ್ ಹಾಗೂ ಬಿಸಿ ಏರಿದಂತೆ ನೀರಿನಲ್ಲಿರುವ ಅಮೋನಿಯಾ ಹೆಚ್ಚು ಹೆಚ್ಚು ವಿಷವಾಗುತ್ತ ಹೋಗುತ್ತದೆ. ನೀರಿನ ತಿಳಿಯನ್ನು ಅಳೆಯಲು ಯಂತ್ರ ಬೇಕಿಲ್ಲ. 20 ಸೆಂಟಿಮೀಟರ್ ಅಗಲದ ತಗಡಿನ ಬಿಲ್ಲೆಯನ್ನು ನಾಲ್ಕು ಭಾಗ ಮಾಡಿ ಕಪ್ಪು ಬಿಳಿ ಬಣ್ಣ ಬಳಿದು, ಗುರುತು ಹಾಕಿದ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳವನ್ನು ಬರೆದುಕೊಂಡರೆ ಸಾಕು. ಊರಿನ ಶಾಲೆಯ ಮಕ್ಕಳು ಈ ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡುತ್ತಾರೆ.

ಎರಡನೆಯ ಹಂತ: ಯಾವ ಮೀನು ಉಳಿದಿದೆ, ಯಾವುದು ಹೋಗಿದೆ

ಇದೇ ವರ್ಷದಲ್ಲಿ ಮೀನಿನ ಪಟ್ಟಿ ಸಿದ್ಧವಾಗಬೇಕು. ಊರಿನ ಹಿರಿಯ ಬೆಸ್ತರು, ನೀರಗಂಟಿಯ ಕೆಲಸ ಮಾಡಿದವರು, ಬಾಲ್ಯದಲ್ಲಿ ಕೋಡಿಯ ಕೆಳಗೆ ಮೀನು ಹಿಡಿಯಲು ಕೂಳಿ ಇಟ್ಟವರು ಇವರ ಬಳಿ ಕುಳಿತು ಕೇಳಿ. ಹೆಸರಿನ ಜೊತೆಗೆ ಯಾವ ಮಳೆಯಲ್ಲಿ ಸಿಗುತ್ತಿತ್ತು, ಎಷ್ಟು ದೊಡ್ಡದಿತ್ತು, ಯಾವ ವರ್ಷದಿಂದ ಕಾಣಲಿಲ್ಲ ಎಂಬುದನ್ನೂ ಬರೆದುಕೊಳ್ಳಿ. ಒಂದೇ ಮೀನಿಗೆ ಹೋಬಳಿಗೊಂದು ಹೆಸರಿರುವುದರಿಂದ ಪ್ರತಿ ಹೆಸರಿಗೂ ಒಂದು ಚಿತ್ರವನ್ನು ತೋರಿಸಿ ಖಚಿತಪಡಿಸಿಕೊಳ್ಳಬೇಕು. ಆಮೇಲೆ ಕೆರೆಯಲ್ಲಷ್ಟೇ ಅಲ್ಲ, ಮೇಲಿನ ಕುಂಟೆಗಳಲ್ಲೂ ಹಳ್ಳದ ಮಡುಗಳಲ್ಲೂ ಸಣ್ಣ ಕಣ್ಣಿನ ಬಲೆ ಹಾಕಿ ನೋಡಿ. ಕೆರೆ ಕೆಟ್ಟ ಮೇಲೂ ಅಲ್ಲಿ ಒಂದಷ್ಟು ಮೀನು ಉಳಿದಿರುವುದುಂಟು. ಹಾಗೆ ಉಳಿದ ಮೀನೇ ನಿಮ್ಮ ಕೆರೆಯ ನಿಜವಾದ ಬೀಜ.

ಅಪಾಯದ ದೃಷ್ಟಿಯಿಂದ ಕೆಲವು ಮೀನುಗಳಿಗೆ ವಿಶೇಷ ಗಮನ ಬೇಕು. ಮಾರುಕಟ್ಟೆಯಲ್ಲಿ ಮಾಗುರ್ ಎಂದು ಕರೆಯುವ ನಾಟಿ ಮುರುಗೋಡು, ಅಳಿವಿನ ಅಪಾಯದಲ್ಲಿರುವ ಜೀವಿಗಳನ್ನು ವರ್ಗೀಕರಿಸುವ ಜಾಗತಿಕ ಕೆಂಪು ಪಟ್ಟಿಯಲ್ಲಿ 'ಅಳಿವಿನಂಚಿನ' ವರ್ಗದಲ್ಲಿದೆ, ಬಾಳೆ ಮೀನು 'ಅಪಾಯಕ್ಕೆ ಈಡಾಗಬಲ್ಲ' ವರ್ಗದಲ್ಲಿದೆ. ಹುಲ್ಲು ಮೇಯುವ ಹರಗಿ ಮೀನಿನ ಸ್ಥಿತಿ ಇನ್ನೂ ಗಂಭೀರವಾಗಿದ್ದು, ಅದನ್ನು 'ತೀವ್ರ ಅಳಿವಿನಂಚಿನ' ವರ್ಗಕ್ಕೆ ಸೇರಿಸಲಾಗಿದೆ. ಕೊರವ ಅಷ್ಟು ಅಪಾಯದಲ್ಲಿಲ್ಲವಾದರೂ ಕೆರೆಯ ಆರೋಗ್ಯವನ್ನು ಅದರಿಂದ ಅಳೆಯಬಹುದು ಎನ್ನುವ ಮಾತಿದೆ, ಅದು ಅರ್ಧ ಮಾತ್ರ ನಿಜ. ಕೊರವ, ಚೇಳು ಮೀನು, ಮುರುಗೋಡು ಇವು ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲವಾದ್ದರಿಂದ ಕೆಟ್ಟ ನೀರಿನಲ್ಲೂ ಬದುಕುತ್ತವೆ. ನೀರು ಸುಧಾರಿಸಿದೆಯೇ ಎಂದು ತಿಳಿಯಬೇಕಾದರೆ ಕಿವಿರಿನಿಂದ ಮಾತ್ರ ಉಸಿರಾಡುವ ಪಕ್ಕೆಯಂತಹ ಸಣ್ಣ ಮೀನುಗಳನ್ನು ನೋಡಬೇಕು.

ಪಟ್ಟಿ ಸಿದ್ಧವಾದ ಮೇಲೆ ಅದನ್ನು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮೂಲಕ ಜನತಾ ಜೀವವೈವಿಧ್ಯ ದಾಖಲಾತಿಗೆ ಸೇರಿಸಿ. 2002ರ ಜೈವಿಕ ವೈವಿಧ್ಯ ಕಾಯ್ದೆಯಡಿ ಬರುವ ಈ ದಾಖಲೆ, ಮುಂದೆ ಮೀನಿನ ಗುತ್ತಿಗೆಯ ಷರತ್ತುಗಳನ್ನು ಚರ್ಚಿಸುವಾಗ ನಿಮ್ಮ ಕೈಯಲ್ಲಿರುವ ಗಟ್ಟಿ ಕಾಗದ. ಕೆರೆಯ ಒಡೆತನ ಯಾರದು, ಮೀನು ಹಿಡಿಯುವ ಹಕ್ಕು ಯಾರದು, ಸರ್ವೆ ಪ್ರಕಾರ ಒತ್ತುವರಿ ಎಷ್ಟು ಎಂಬುದನ್ನೂ ಇದೇ ಹೊತ್ತಿನಲ್ಲಿ ಬರಹದಲ್ಲಿ ಪಡೆದುಕೊಳ್ಳಿ. ಒಡೆತನ ಒಂದು ಇಲಾಖೆಯದು, ಮೀನಿನ ಗುತ್ತಿಗೆ ಇನ್ನೊಂದರದು, ಒಳಚರಂಡಿ ಮತ್ತೊಂದರದು ಆಗಿರುವುದು ಸಾಮಾನ್ಯ. ಅನುಮತಿಯಿಲ್ಲದೆ ತೂಬು ಎತ್ತುವುದಾಗಲಿ, ಮೀನು ಬಿಡುವುದಾಗಲಿ ಮಾಡಬೇಡಿ.

ಮೂರನೆಯ ಹಂತ: ಕೊಳಚೆಯನ್ನು ನಿಲ್ಲಿಸುವುದು

ಈ ಕೆಲಸ ಮುಗಿಯುವವರೆಗೆ ಬೇರೆ ಯಾವುದಕ್ಕೂ ಹಣ ಖರ್ಚು ಮಾಡಬೇಡಿ. ಬೆಳ್ಳಂದೂರು ಕೆರೆಯ ನೊರೆಯನ್ನೂ ಬೆಂಕಿಯನ್ನೂ ನಾಡೆಲ್ಲ ನೋಡಿದೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದನ್ನೂ ನೋಡಿದೆ. ಹಲಸೂರಿನದು ಕಾಲುದಾರಿ, ಬೇಲಿ, ದೋಣಿ ಎಲ್ಲವೂ ಇದ್ದ ಕೆರೆ.

ಬೇಸಿಗೆಯಲ್ಲಿ, ಮಳೆಯಿಲ್ಲದ ದಿನಗಳಲ್ಲಿ, ಕೆರೆಗೆ ಬರುವ ಪ್ರತಿ ಕಾಲುವೆಯ ಬಾಯಲ್ಲೂ ನಿಂತು ನೋಡಿ. ಆಗ ಹರಿಯುತ್ತಿರುವುದೆಲ್ಲ ಕೊಳಚೆಯೇ. ಅದರ ಬೆನ್ನು ಹತ್ತಿ ಮೇಲಕ್ಕೆ ನಡೆದರೆ ಒಡೆದ ಮ್ಯಾನ್‌ಹೋಲ್, ಒಳಚರಂಡಿಗೆ ಸೇರದ ಬಡಾವಣೆ, ಸಂಸ್ಕರಣಾ ಘಟಕವನ್ನು ಕಟ್ಟಿಯೂ ಓಡಿಸದ ಅಪಾರ್ಟ್‌ಮೆಂಟ್, ರಾತ್ರಿ ಟ್ಯಾಂಕರ್ ಖಾಲಿ ಮಾಡುವ ಜಾಗ, ಒಂದೊಂದಾಗಿ ಸಿಗುತ್ತವೆ. ಪ್ರತಿಯೊಂದಕ್ಕೂ ಚಿತ್ರ, ದಿನಾಂಕ, ಸ್ಥಳ ಸೇರಿಸಿ, 1974ರ ಜಲ ಕಾಯ್ದೆಯ ಅನ್ವಯ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರಹದಲ್ಲಿ ದೂರು ಕೊಡಿ. ದೂರಿನ ಸ್ವೀಕೃತಿಯನ್ನು ಜೋಪಾನ ಮಾಡಿ.

ಕೊಳಚೆಯನ್ನು ಪೂರ್ತಿ ತಿರುಗಿಸಿಬಿಟ್ಟರೆ ಕೆರೆ ಒಣಗುತ್ತದೆ ಎಂಬ ಆತಂಕ ಬಯಲುಸೀಮೆಯಲ್ಲಿ ನಿಜವಾದದ್ದು. ಇದಕ್ಕೆ ಜಕ್ಕೂರು ಕೆರೆಯ ಮಾದರಿಯನ್ನು ಹೋಗಿ ನೋಡುವುದು ಒಳ್ಳೆಯದು. ಸುಮಾರು 160 ಎಕರೆಯ ಆ ಕೆರೆಯ ಮೇಲ್ಭಾಗದಲ್ಲಿ ಕೊಳಚೆ ನೀರಿನ ಸಂಸ್ಕರಣಾ ಘಟಕವಿದ್ದು, ಅದರಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಬೀಳದೆ, ಜೊಂಡು ಮತ್ತಿತರ ಜಲಸಸ್ಯಗಳು ತುಂಬಿದ ಜೌಗಿನ ಮೂಲಕ ನಿಧಾನವಾಗಿ ಹಾದು ಕೆರೆ ಸೇರುತ್ತದೆ. ಘಟಕವು ಸಾವಯವ ಕೊಳೆಯನ್ನು ಇಳಿಸುತ್ತದೆ, ಆದರೆ ಸಾಮಾನ್ಯ ದ್ವಿತೀಯ ಹಂತದ ಸಂಸ್ಕರಣೆಯಲ್ಲಿ ಸಾರಜನಕ ಮತ್ತು ರಂಜಕ ಬಹುಮಟ್ಟಿಗೆ ನೀರಿನಲ್ಲೇ ಉಳಿಯುತ್ತವೆ. ಪಾಚಿಗೆ ಅವೇ ಗೊಬ್ಬರ. ಜೌಗಿನ ಗಿಡಗಳು ಅವುಗಳಲ್ಲಿ ಒಂದು ಭಾಗವನ್ನು ಹೀರಿಕೊಳ್ಳುತ್ತವೆ. ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಹೀರಿಕೊಂಡ ಗಿಡವನ್ನು ಕತ್ತರಿಸಿ ಕೆರೆಯಿಂದ ಆಚೆಗೆ ಸಾಗಿಸದಿದ್ದರೆ ಅದು ಅಲ್ಲೇ ಕೊಳೆತು ಎಲ್ಲವನ್ನೂ ನೀರಿಗೆ ಮರಳಿಸುತ್ತದೆ. ಜೌಗು ಕಟ್ಟುವ ಅಂದಾಜಿನಲ್ಲಿ ಪ್ರತಿ ವರ್ಷದ ಕಟಾವಿನ ಕೂಲಿ ಸೇರಿರಲಿ. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೂ ಹರಿಯುತ್ತಿರುವುದರಿಂದ ಆ ಭಾಗದ ಸಮಿತಿಗಳಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ.

ಗಣೇಶ ಮೂರ್ತಿಗಳ ವಿಸರ್ಜನೆಗೆ ಕೆರೆಯ ನೀರಿಗೆ ಸೇರದ ಪ್ರತ್ಯೇಕ ಕಲ್ಯಾಣಿ ಇರಲಿ, ಹಬ್ಬದ ಮಾರನೆಯ ದಿನವೇ ಅದನ್ನು ಬರಿದು ಮಾಡಿಸಿ.

ನಾಲ್ಕನೆಯ ಹಂತ: ಹೂಳು, ಮತ್ತು ಹೂಳಿನ ಜೊತೆ ಹೋಗಬಾರದ ಮೀನು

ಕೊಳಚೆ ನಿಂತ ಮೇಲೂ ಕೆರೆ ಕೆಲವು ವರ್ಷ ಹಸಿರಾಗಿಯೇ ಇರುವುದುಂಟು. ತಳದ ಹೂಳಿನಲ್ಲಿ ಕೂಡಿಬಿದ್ದ ರಂಜಕವು ಆಮ್ಲಜನಕ ಇಲ್ಲದಾಗ ಮತ್ತೆ ನೀರಿಗೆ ಬಿಡುಗಡೆಯಾಗುವುದೇ ಇದಕ್ಕೆ ಕಾರಣ. ಆದ್ದರಿಂದ ಕೊಳಚೆಯಿಂದಾದ ಕಪ್ಪು, ನಾರುವ ಹೂಳನ್ನು ತೆಗೆಯುವುದು ಅಗತ್ಯ. ಹೊಲಕ್ಕೆ ಹಾಕುವ ಹಿಂದಿನ ಕಾಲದ ಗೋಡುಮಣ್ಣಿನ ಹಾಗೆ ಇದನ್ನು ತಕ್ಷಣ ರೈತರಿಗೆ ಕೊಡಬೇಡಿ. ಕಾರ್ಖಾನೆಯ ನೀರು ಬಂದ ಕೆರೆಯಾದರೆ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಮುಂತಾದ ಲೋಹಗಳ ಪರೀಕ್ಷೆ ಮಾಡಿಸಿದ ಬಳಿಕವೇ ಮಣ್ಣಿನ ದಾರಿ ನಿರ್ಧಾರವಾಗಲಿ.

ಅತಿ ಹೆಚ್ಚು ಅನಾಹುತವಾಗುವುದು ಈ ಹಂತದಲ್ಲೇ. ಕೆರೆಯನ್ನು ಬರಿದು ಮಾಡಿ ಜೆಸಿಬಿ ಇಳಿಸುವ ಮೊದಲು ಅದರಲ್ಲಿರುವ ನಾಟಿ ಮೀನನ್ನು ಮೇಲೆತ್ತಿ ಬದುಕಿಸಬೇಕು ಎಂಬ ಸಾಲು ಹೂಳೆತ್ತುವ ಗುತ್ತಿಗೆಯ ಕರಾರಿನಲ್ಲಿ ಇರುವುದೇ ಇಲ್ಲ, ನೀವು ಸೇರಿಸಬೇಕು. ನೀರನ್ನು ದಿನಗಟ್ಟಲೆ ನಿಧಾನವಾಗಿ ಇಳಿಸಿ, ಮೀನು ಒಂದು ಮಡುವಿಗೆ ಸೇರಿಕೊಂಡಾಗ, ಬೆಳಗಿನ ತಂಪಿನಲ್ಲಿ ಮೆತ್ತನೆಯ ಬಲೆಯಿಂದ ಎತ್ತಿ, ನಾಟಿಯವನ್ನು ಬೇರ್ಪಡಿಸಿ, ಒಳ್ಳೆಯ ನೀರಿರುವ ಪಕ್ಕದ ಕುಂಟೆಗೆ ಅಥವಾ ಸಿಮೆಂಟ್ ತೊಟ್ಟಿಗಳಿಗೆ ಸಾಗಿಸಬೇಕು. ಕೊರವ ಮತ್ತು ಚೇಳು ಮೀನು ಕೆಸರಿನಲ್ಲೇ ಹುದುಗಿ ಉಳಿಯುವುದರಿಂದ ಅವನ್ನು ಹುಡುಕಲು ಬೆಸ್ತರ ಕಣ್ಣೇ ಬೇಕು. ಅವರ ದಿನದ ಕೂಲಿಯನ್ನು ಅಂದಾಜು ಪಟ್ಟಿಯಲ್ಲಿ ಮೊದಲೇ ಇಡಿ. ಸಾಧ್ಯವಿದ್ದರೆ ನಡುವೆ ತಾತ್ಕಾಲಿಕ ಮಣ್ಣಿನ ಒಡ್ಡು ಹಾಕಿ, ಒಂದು ವರ್ಷ ಅರ್ಧ ಕೆರೆ, ಮರುವರ್ಷ ಉಳಿದರ್ಧ ಎಂದು ಮಾಡುವುದು ನನಗೆ ಎಲ್ಲಕ್ಕಿಂತ ಸರಿ ಎನಿಸುತ್ತದೆ.

ಅಗೆಯುವ ಆಕಾರದ ಬಗ್ಗೆಯೂ ಗಟ್ಟಿಯಾಗಿ ನಿಲ್ಲಬೇಕು. ನಮ್ಮ ಕೆರೆಗಳು ಏರಿಯ ಬಳಿ ಆಳವಾಗಿ, ಹಿಂಬದಿಯ ಅಂಗಳದ ಕಡೆಗೆ ತೆಳ್ಳಗೆ ಹರಡಿಕೊಂಡಿರುವಂಥವು. ಸುತ್ತಲೂ ಕಡಿದಾಗಿ ಕೊರೆದು ಬಟ್ಟಲಿನಂತೆ ಮಾಡಿದರೆ ನೀರಿನ ಲೆಕ್ಕ ಹೆಚ್ಚುತ್ತದೆ, ಆದರೆ ಮೊಣಕಾಲುದ್ದದ ನೀರೇ ಇಲ್ಲವಾಗುತ್ತದೆ. ಕೊರವ ಜೋಡಿಯಾಗಿ ಗೂಡು ಮಾಡುವುದು ಅಂತಹ ನೀರಿನ ಗಿಡಗಳ ನಡುವೆ, ಪಕ್ಕೆ ಮೊಟ್ಟೆ ಅಂಟಿಸುವುದೂ ಅಲ್ಲೇ. ನಾನು ಹತ್ತಿರದಿಂದ ಕಂಡ ಒಂದು ಕೆರೆಯಲ್ಲಿ ಹೀಗೆ ಬಟ್ಟಲು ಮಾಡಿ ಸುತ್ತ ಕಲ್ಲು ಹಾಸಿದ ಬಳಿಕ ನೀರು ತಿಳಿಯಾಯಿತು, ಆದರೆ ನಾಟಿ ಮೀನಿನ ಮರಿ ಒಂದು ವರ್ಷವೂ ಕಾಣಲಿಲ್ಲ. ಏರಿಯ ಕಡೆ ಕಲ್ಲುಕಟ್ಟಡ ಇರಲಿ, ಅದು ಏರಿಯ ಭದ್ರತೆಗೆ ಬೇಕು. ಉಳಿದ ಮೂರು ಕಡೆಯ ಅಂಗಳ ಇಳಿಜಾರಾಗಿ, ಮಣ್ಣಾಗಿಯೇ ಇರಲಿ. ಜೊತೆಗೆ ತಳದಲ್ಲಿ ಎರಡು ಮೂರು ಆಳದ ಮಡುಗಳನ್ನು ಬಿಡಿಸಿದರೆ ಬರದ ಬೇಸಿಗೆಯಲ್ಲಿ ಮೀನಿಗೆ ಅದೇ ಆಸರೆ.

ಐದನೆಯ ಹಂತ: ಕಳೆ, ಗಿಡ ಮತ್ತು ಬಂದು ಸೇರಿದ ಮೀನು

ಅಂತರಗಂಗೆ ಇಡೀ ಕೆರೆಯನ್ನು ಮುಚ್ಚಿದ್ದರೆ ಕೈಯಿಂದಲೋ ಯಂತ್ರದಿಂದಲೋ ತೆಗೆಸಿ ದಡದಿಂದ ದೂರ ಸಾಗಿಸಿ. ಕಳೆನಾಶಕ ಸಿಂಪಡಿಸಬೇಡಿ, ಸತ್ತ ಕಳೆ ಒಟ್ಟಿಗೆ ಕೊಳೆತು ನೀರಿನ ಆಮ್ಲಜನಕವೆಲ್ಲ ಖಾಲಿಯಾಗುತ್ತದೆ. ಆದರೆ ಕಂಡ ಗಿಡವನ್ನೆಲ್ಲ ಕಿತ್ತು ಕೆರೆಯನ್ನು ಕನ್ನಡಿಯಂತೆ ಮಾಡುವುದೂ ತಪ್ಪು. ಜೊಂಡು, ಆಪು, ನೈದಿಲೆ, ನೀರಿನೊಳಗೇ ಬೆಳೆಯುವ ಎಳೆಯಂತಹ ಸಸ್ಯಗಳು ಇವು ದಡದುದ್ದಕ್ಕೂ ಅಲ್ಲಲ್ಲಿ ಉಳಿಯಬೇಕು.

ಹೊರಗಿನಿಂದ ಬಂದ ಮೀನಿನ ಸಮಸ್ಯೆ ಕೊಳಚೆಯಷ್ಟೇ ಗಂಭೀರವಾದದ್ದು. ನಮ್ಮಲ್ಲಿ ಜಿಲೇಬಿ ಎಂದು ಕರೆಯುವ ತಿಲಾಪಿಯಾ 1952ರಲ್ಲಿ ಭಾರತಕ್ಕೆ ಬಂತು. ಅದು ವರ್ಷದಲ್ಲಿ ಹಲವು ಬಾರಿ ಮರಿ ಮಾಡಿ, ತಾಯಿ ಬಾಯಲ್ಲೇ ಅವನ್ನು ಕಾಪಾಡುವುದರಿಂದ ಬೇಗನೆ ಕೆರೆಯನ್ನು ಆವರಿಸಿಕೊಳ್ಳುತ್ತದೆ. ಸೊಳ್ಳೆ ನಿಯಂತ್ರಣಕ್ಕೆಂದು 1928ರಲ್ಲಿ ತಂದ ಗ್ಯಾಂಬೂಸಿಯಾ ನಾಟಿ ಮೀನಿನ ಮೊಟ್ಟೆ, ಮರಿಗಳನ್ನೂ ತಿನ್ನುತ್ತದೆ. ಸೊಳ್ಳೆಯ ಮರಿಗೆ ನೆತ್ತಿಯ ಮೇಲೆ ಬೆಳ್ಳಿಯ ಚುಕ್ಕೆಯಿರುವ ನಮ್ಮದೇ ಪುಟ್ಟ ಮೀನು ಸಾಕು, ಆರೋಗ್ಯ ಇಲಾಖೆಯವರೊಡನೆ ಈ ಮಾತನ್ನು ಮೊದಲೇ ಆಡಿಕೊಳ್ಳಿ. ಸರ್ಕಾರ ಸಾಕಣೆಯನ್ನು ನಿಷೇಧಿಸಿರುವ ಆಫ್ರಿಕನ್ ಕ್ಯಾಟ್‌ಫಿಶ್ ಎಲ್ಲಕ್ಕಿಂತ ಅಪಾಯಕಾರಿ. ಅದು ಸಿಕ್ಕಿದ್ದನ್ನೆಲ್ಲ ತಿನ್ನುವುದಲ್ಲದೆ ನಾಟಿ ಮುರುಗೋಡಿನೊಡನೆ ಬೆರೆತು ಮಿಶ್ರ ತಳಿಯನ್ನೂ ಹುಟ್ಟಿಸಬಲ್ಲದು. ಮುರುಗೋಡು ಉಳಿದಿದೆ ಎಂದು ಸಂತೋಷಪಡುವ ಮೊದಲು ತಜ್ಞರಿಂದ ಗುರುತು ಹಿಡಿಸಿ.

ಇವನ್ನು ತೆಗೆಯಲು ಹೂಳೆತ್ತುವ ವರ್ಷದಂತಹ ಅವಕಾಶ ಮತ್ತೆ ಸಿಗದು. ನೀರಿಳಿದಾಗ ಹಿಡಿದು ತೆಗೆದು, ತಳವನ್ನು ಬಿಸಿಲಿಗೆ ಒಣಗಿಸಿ, ನೀರು ತುಂಬುವಾಗ ಒಳಹರಿವಿನ ಕಾಲುವೆಗೆ ಮೊದಲ ವಾರಗಳಲ್ಲಿ ಜಾಲರಿ ಕಟ್ಟಿ. ವಿಷ ಹಾಕುವ ಯೋಚನೆಯನ್ನೇ ಮಾಡಬೇಡಿ. ಹುಲ್ಲುಗೆಂಡೆ ಗಿಡವನ್ನೆಲ್ಲ ಮೇಯುತ್ತದೆ, ಸಾಮಾನ್ಯ ಗೆಂಡೆ ತಳವನ್ನು ಕೆದಕಿ ನೀರನ್ನು ಕದಡುತ್ತದೆ. ಆದ್ದರಿಂದ ಮೀನಿನ ಗುತ್ತಿಗೆ ಕರಾರಿನಲ್ಲಿ ಇವೆರಡರ ಬಿತ್ತನೆ ಬೇಡವೆಂದು ಬರೆಸಿ.

ಆರನೆಯ ಹಂತ: ಮೀನನ್ನು ಮರಳಿಸುವುದು

ಎರಡು ಮಳೆಗಾಲ ಕಳೆದು, ಬೇಸಿಗೆಯ ಮುಂಜಾನೆಯಲ್ಲೂ ಆಮ್ಲಜನಕ 4 ಮಿಲಿಗ್ರಾಂಗಿಂತ ಇಳಿಯುತ್ತಿಲ್ಲ ಎಂದು ನಿಮ್ಮದೇ ಅಳತೆಯ ಪುಸ್ತಕ ಹೇಳಿದ ಮೇಲೆ ಈ ಹಂತಕ್ಕೆ ಬನ್ನಿ. ಮೊದಲು ಕಾದು ನೋಡಿ. ಮೇಲಿನ ಕುಂಟೆಗಳಲ್ಲಿ ಮೀನು ಉಳಿದಿದ್ದು ಕಾಲುವೆ ಅಡ್ಡಿಯಿಲ್ಲದೆ ತೆರೆದಿದ್ದರೆ, ಕೋಡಿ ಬಿದ್ದ ವರ್ಷ ಅವು ತಾವಾಗಿಯೇ ಇಳಿದು ಬರುತ್ತವೆ. ಬಾರದಿದ್ದರೆ ಮಾತ್ರ ತರಬೇಕು, ಅದೂ ಅದೇ ನದಿ ಕಣಿವೆಯಿಂದ.

ಈ ಕಟ್ಟುಪಾಡು ಏಕೆ ಎಂಬುದಕ್ಕೆ ಕಾವೇರಿಯೇ ಪಾಠ. ಅಲ್ಲಿಯದೇ ಆದ, ಬೆನ್ನು ಉಬ್ಬಿದ ಕಿತ್ತಳೆ ರೆಕ್ಕೆಯ ಮಹಶೀರ್ ಇರುವ ನದಿಗೆ ಮೀನು ಹೆಚ್ಚಲೆಂಬ ಸದುದ್ದೇಶದಿಂದಲೇ ಹೊರಗಿನ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ವರ್ಷಗಟ್ಟಲೆ ಬಿಡಲಾಯಿತು. ಬಂದದ್ದು ಹರಡಿತು, ಇದ್ದದ್ದು ಕುಸಿಯಿತು. 2018ರಲ್ಲಿ ಆ ಕಾವೇರಿಯ ಮೀನು 'ತೀವ್ರ ಅಳಿವಿನಂಚಿನ' ಪಟ್ಟಿಗೆ ಸೇರಿತು. ಹರಗಿ ಅಪರೂಪದ್ದು ಎಂಬ ಕಾರಣಕ್ಕೆ, ಹೆಸರಘಟ್ಟದ ಸಿಹಿನೀರು ಮೀನು ಸಂಶೋಧನಾ ಕೇಂದ್ರದಲ್ಲಿ ಅದರ ಮರಿ ಮಾಡಿಸಿದ್ದಾರೆ ಎಂಬ ಕಾರಣಕ್ಕೆ, ಅದು ಎಂದೂ ಇರದ ಕೆರೆಗೆ ತಂದು ಬಿಡುವುದು ಸಂರಕ್ಷಣೆಯಲ್ಲ. ನಿಮ್ಮ ಹಿರಿಯರ ಪಟ್ಟಿಯಲ್ಲಿ ಇಲ್ಲದ ಮೀನು ನಿಮ್ಮ ಕೆರೆಗೆ ಬೇಡ.

ತಂದ ಮೀನನ್ನು ಎರಡು ವಾರ ಪ್ರತ್ಯೇಕ ತೊಟ್ಟಿಯಲ್ಲಿಟ್ಟು ನೋಡಿ. 1988ರಲ್ಲಿ ಭಾರತಕ್ಕೆ ಕಾಲಿಟ್ಟ ಹುಣ್ಣು ರೋಗ ಕೊರವನನ್ನು ತೀವ್ರವಾಗಿ ಬಾಧಿಸುವಂಥದ್ದು, ಮೈಮೇಲೆ ಕೆಂಪು ಕಲೆ ಕಂಡರೂ ಆ ತಂಡವನ್ನು ಬಿಡಬೇಡಿ. ಒಂದೇ ಜೋಡಿಯ ಮರಿಗಳನ್ನೇ ತುಂಬದೆ ಹಲವು ಕುಂಟೆಗಳಿಂದ ಆಯ್ದು ತನ್ನಿ. ಚೀಲವನ್ನು ಕೆರೆಯ ನೀರಿನಲ್ಲಿ ಅರ್ಧ ಗಂಟೆ ತೇಲಿಸಿ, ಒಳಗಿನ ಹೊರಗಿನ ಬಿಸಿ ಒಂದಾದ ಮೇಲೆ, ಗಿಡಗಳಿರುವ ದಡದಲ್ಲಿ, ಸಂಜೆಯ ಹೊತ್ತು ಬಿಡಿ. ಮೊದಲು ಪಕ್ಕೆಯಂತಹ ಸಣ್ಣ ಮೀನು, ಅವು ಮರಿ ಮಾಡಿದ ಮರುವರ್ಷ ಕೊರವ, ಬಾಳೆಯಂತಹ ಬೇಟೆಯ ಮೀನು.

ಏಳನೆಯ ಹಂತ: ಕಾವಲು

ಬೆಸ್ತರನ್ನು ಹೊರಗಿಟ್ಟು ಕೆರೆಯನ್ನು ಕಾಯಲಾಗದು. ಮೀನಿನ ಗುತ್ತಿಗೆಯನ್ನು ಹರಾಜಿನ ಹೊರಗಿನವರಿಗಿಂತ ಊರಿನ ಮೀನುಗಾರರ ಸಹಕಾರ ಸಂಘಕ್ಕೆ ಕೊಡಿಸಲು ಶ್ರಮಿಸಿ. ಮುಂಗಾರಿನ ಮೂರು ತಿಂಗಳು ಬಲೆ ಹಾಕದಿರುವುದು, ಬಲೆಯ ಕಣ್ಣಿನ ಅಳತೆ, ಒಳಹರಿವಿನ ಬಾಯಲ್ಲಿ ಎಂದೂ ಮೀನು ಹಿಡಿಯದಿರುವುದು ಇವನ್ನು ಸಂಘದವರೇ ಕುಳಿತು ತೀರ್ಮಾನಿಸಲಿ, ಆ ತಿಂಗಳುಗಳ ಆದಾಯದ ಕೊರತೆಗೆ ಸಮಿತಿ ಕಳೆ ಕಟಾವಿನ ಕೂಲಿಯನ್ನು ಅವರಿಗೇ ಕೊಡಲಿ. ಶೃಂಗೇರಿ, ರಾಮನಾಥಪುರ, ಶಿಶಿಲಗಳ ದೇವಸ್ಥಾನಗಳ ಬಳಿ ಹೊಳೆಯ ಮೀನು ಉಳಿದಿರುವುದು ಜನ ಅದನ್ನು ತಮ್ಮದೆಂದು ನಂಬಿದ್ದರಿಂದ. 1996ರಲ್ಲಿ ಶಿಶಿಲದ ಮೀನುಗಳಿಗೆ ವಿಷವಿಕ್ಕಿದಾಗ ಊರವರು ಅವುಗಳಿಗೊಂದು ಸ್ಮಾರಕವನ್ನೇ ಕಟ್ಟಿಸಿದರು.

ಇಷ್ಟರ ನಡುವೆಯೂ ಒಂದು ಮುಂಜಾನೆ ಮೀನು ಮೇಲೆ ಬಂದು ಬಾಯಿ ಬಿಡುವುದನ್ನು ಕಾಣಬಹುದು. ಮೋಡ ಕವಿದ ದಿನಗಳಲ್ಲಿ, ಬೇಸಿಗೆಯ ಮೊದಲ ಜೋರು ಮಳೆ ಕಾಲುವೆಯ ಕೊಳೆಯನ್ನೆಲ್ಲ ಒಮ್ಮೆಗೇ ತಂದು ಸುರಿದ ಬಳಿಕ, ಇದು ಹೆಚ್ಚು. ಆಗ ತಕ್ಷಣ ಪಂಪಿನಿಂದ ನೀರೆತ್ತಿ ಮೇಲಿನಿಂದ ಚಿಮ್ಮಿಸಿ, ಕೊಳಚೆ ಬರುತ್ತಿರುವ ಬಾಯನ್ನು ಮುಚ್ಚಿಸಿ. ಅದೇ ಹೊತ್ತಿಗೆ ಆಮ್ಲಜನಕ ಅಳೆದು, ಸ್ವಚ್ಛ ಬಾಟಲಿಯಲ್ಲಿ ನೀರು ಹಿಡಿದು ಮಂಜಿನಲ್ಲಿಟ್ಟು, ಸತ್ತ ಮೀನಿನ ಚಿತ್ರವನ್ನು ಅಳತೆಪಟ್ಟಿಯೊಡನೆ ತೆಗೆದು, ಮಾಲಿನ್ಯ ನಿಯಂತ್ರಣ ಮಂಡಳಿಗೂ ಮೀನುಗಾರಿಕೆ ಇಲಾಖೆಗೂ ತಿಳಿಸಿ. ಮಧ್ಯಾಹ್ನದ ಹೊತ್ತಿಗೆ ಪುರಾವೆ ನೀರಿನಲ್ಲಿ ಉಳಿದಿರುವುದಿಲ್ಲ. ಸತ್ತ ಮೀನನ್ನು ಮಾರಲು ಬಿಡದೆ ಹೂಳಿಸಿ.

ಮಿಕ್ಕ ಕೆಲಸ ಮಳೆಗಾಲದ ಮೊದಲ ರಾತ್ರಿಗಳದು. ರೋಹಿಣಿ, ಮೃಗಶಿರಾ ಮಳೆ ಬಿದ್ದು ಕಾಲುವೆಯಲ್ಲಿ ಹೊಸನೀರು ಬಂದಾಗ ಮೀನು ಅದಕ್ಕೆ ಎದುರಾಗಿ ಹತ್ತುತ್ತದೆ. ಮಲೆನಾಡಿನವರು ಇದನ್ನೇ ಹತ್ತುಮೀನು ಎನ್ನುತ್ತಾರೆ. ಆ ರಾತ್ರಿಗಳಲ್ಲಿ ಇಬ್ಬಿಬ್ಬರು ಟಾರ್ಚ್ ಹಿಡಿದು ಒಳಹರಿವಿನ ಬಾಯಲ್ಲಿ ಕಾವಲಿದ್ದು, ಯಾವ ಮೀನು, ಎಷ್ಟು, ಎಷ್ಟು ಹೊತ್ತಿಗೆ ಎಂದು ಬರೆದುಕೊಳ್ಳಲಿ. ಆಗಸ್ಟಿನ ಹೊತ್ತಿಗೆ ಜೊಂಡಿನ ಅಂಚಿನಲ್ಲಿ ಕೆಂಪು ಕಿತ್ತಳೆ ಬಣ್ಣದ ಕೊರವದ ಮರಿಗಳು ಒಂದೇ ಉಂಡೆಯಂತೆ ಸುಳಿದಾಡುತ್ತ, ಕೆಳಗೆ ತಾಯಿ ತಂದೆ ಕಾಯುತ್ತ ಇರುವುದು ಕಂಡರೆ, ಆ ಜಾಗಕ್ಕೆ ಒಂದು ಗೂಟ ನೆಟ್ಟು, ಒಂದು ತಿಂಗಳು ಯಾರೂ ಅಲ್ಲಿ ನೀರಿಗಿಳಿಯದಂತೆ ನೋಡಿಕೊಳ್ಳಿ.